ಉದ್ದ ಓಟಕ್ಕೆ ಶೂ ಕೊಳ್ಳುವ ಮುಂಚೆ

ನನ್ನ ಮೊದಲ ಹಾಫ್ ಮ್ಯಾರಥಾನ್‌ನಲ್ಲಿ 21.1 ಕಿ.ಮೀ. ಮುಗಿಸಿ ಸಾಕ್ಸ್ ಬಿಚ್ಚಿದಾಗ ಎಡಗಾಲಿನ ಹೆಬ್ಬೆರಳ ಉಗುರು ಕಪ್ಪಾಗಿತ್ತು. ಶೂ ಒಳ್ಳೇದೇ, ಅಳತೆ ಮಾತ್ರ ಬಿಗಿ. ಇಳಿಜಾರು ಬಂದಾಗಲೆಲ್ಲ ಬೆರಳು ಮುಂದಕ್ಕೆ ಜಾರಿ ಶೂ ತುದಿಗೆ ಬಡಿಯುತ್ತಿತ್ತು. ನಿಮಗೆ ಹಾಗಾಗಬಾರದು.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ಓಡಾಡಿದ ಪಾದ ಸ್ವಲ್ಪ ಊದಿಕೊಂಡಿರುತ್ತದೆ, ಉದ್ದ ಓಟದಲ್ಲೂ ಹಾಗೇ ಊದುತ್ತದೆ. ಓಡುವಾಗ ಹಾಕುವ ಸಾಕ್ಸನ್ನೇ ತಗೊಂಡು ಹೋಗಿ. ಎರಡೂ ಪಾದ ಅಳೆಸಿ, ದೊಡ್ಡದಿರುವ ಪಾದಕ್ಕೆ ತಕ್ಕ ಸೈಜ್ ಕೇಳಿ.

ಲೇಸ್ ಕಟ್ಟಿ ಎದ್ದು ನಿಲ್ಲಿ. ಕೂತು ನೋಡಿದರೆ ಗೊತ್ತಾಗುವುದಿಲ್ಲ. ಎಲ್ಲಕ್ಕಿಂತ ಉದ್ದ ಇರುವ ಬೆರಳಿನ ಮುಂದೆ ಕೈಯ ಹೆಬ್ಬೆರಳು ಅಡ್ಡ ಇಡುವಷ್ಟು ಜಾಗ ಬೇಕು. ಕೆಲವರಿಗೆ ಎರಡನೇ ಬೆರಳೇ ಉದ್ದ, ಅಲ್ವಾ? ಬೆರಳುಗಳು ಒಳಗೆ ಆರಾಮಾಗಿ ಅಲುಗಾಡಬೇಕು. ಹಿಮ್ಮಡಿ ಮಾತ್ರ ಮೇಲೇಳಬಾರದು. ಎದ್ದರೆ ಕಣಕಾಲಿನ ಹತ್ತಿರದ ಕೊನೆಯ ತೂತಿಗೂ ಲೇಸ್ ಪೋಣಿಸಿ ಬಿಗಿದು ನೋಡಿ. ಆಮೇಲೆ ಅಂಗಡಿಯಲ್ಲೇ ನಾಲ್ಕು ಸಲ ಓಡಿ, ಸಂಕೋಚ ಬೇಡ. ಎಲ್ಲಾದರೂ ಒತ್ತಿದರೆ, "ಹಾಕ್ತಾ ಹಾಕ್ತಾ ಸಡಿಲ ಆಗುತ್ತೆ" ಅನ್ನುವ ಮಾತು ನಂಬಬೇಡಿ. ಬೇರೆ ಜೋಡಿ ಕೇಳಿ.

ಬಣ್ಣ ಕೊನೆಗೆ ನೋಡಿದರಾಯಿತು.

ಓಟಕ್ಕೆ ಕನಿಷ್ಠ ಒಂದು ತಿಂಗಳು ಇರುವಾಗಲೇ ಕೊಳ್ಳಿ. ನಾನೀಗ ಹೊಸ ಶೂ ಹಾಕಿ ಕಬ್ಬನ್ ಪಾರ್ಕ್‌ನಲ್ಲಿ ಮೊದಲು 5 ಕಿ.ಮೀ. ಓಡುತ್ತೇನೆ, ನಂತರ 8, ಆಮೇಲೆ ಒಂದು ಭಾನುವಾರ 15. ಆ 15ರಲ್ಲಿ ಎಲ್ಲೂ ಉಜ್ಜದಿದ್ದರೆ ಅದೇ ಶೂ, ಅದೇ ಸಾಕ್ಸ್ ಓಟದ ದಿನಕ್ಕೆ.