ಅರ್ಧಕ್ಕೆ ನಿಂತ ಕಾದಂಬರಿನ ಕಿರ್ದಿ ಪುಸ್ತಕ ಇಟ್ಟು ಮುಗಿಸಿದ್ದು – ನನ್ನ ಅನುಭವ

ಬರೀತಾ ಬರೀತಾ ಕಾದಂಬರಿ ಮೇಲೇ ಆಸಕ್ತಿ ಹೋಗ್ಬಿಟ್ರೆ ಏನ್ ಮಾಡೋದು ಅಂತ ನಮ್ಮಲ್ಲಿ ಎಲ್ಲರೂ ಒಂದಲ್ಲ ಒಂದ್ಸಲ ಕೇಳಿರ್ತೀವಿ. ನಂದು ಕೊನೆಗೂ ಮುಗೀತು, ಕಳೆದ ತಿಂಗಳು ಪ್ರೂಫೂ ನೋಡಿ ಕೊಟ್ಟೆ. ಪಾತ್ರಗಳ ಜಮಾ-ಖರ್ಚು ಕಿರ್ದಿಲಿ ಬರೆಯೋ ಈ ಉಪಾಯ ಹೇಳಿದಾಗ "ಕಾದಂಬರಿ ಬರಿಯಪ್ಪಾ ಅಂದ್ರೆ ಅಂಗಡಿ ಲೆಕ್ಕ ಬರೀತಾ ಕೂತಿದೀಯಲ್ಲ" ಅಂದವ್ರಿದ್ರು, ಅವ್ರೂ ಓದ್ಲಿ ಅಂತ್ಲೇ ಬರೀತಿದೀನಿ.

ನಂದು ಶರಾವತಿ ಮುಳುಗಡೆ ಕಥೆ. 1964ರಲ್ಲಿ ಲಿಂಗನಮಕ್ಕಿ ಡ್ಯಾಮ್ ಆಗಿ ಊರು ಬಿಟ್ಟು ಶಿವಮೊಗ್ಗ ಕಡೆ ಬಂದ ಒಂದು ಮನೆ, ಮೂರು ತಲೆಮಾರು. 2021ರಲ್ಲಿ ಶುರು ಮಾಡ್ದಾಗ ದಿನಕ್ಕೆ ಐದಾರು ಪುಟ ಸಲೀಸಾಗಿ ಹೋಗ್ತಿತ್ತು. ಸುಮಾರು 180ನೇ ಪುಟಕ್ಕೆ, ಲಾರಿಗೆ ಸಾಮಾನು ಹೇರೋ ಅಧ್ಯಾಯಕ್ಕೆ ಬಂದು ನಿಂತ್ಹೋಯ್ತು. ಬರಿಯೋಕೆ ಆಗ್ತಿರ್ಲಿಲ್ಲ ಅಂತಲ್ಲ, ಬೇಕು ಅನ್ನಿಸ್ತಿರ್ಲಿಲ್ಲ. ಫೈಲ್ ತೆಗೆದ್ರೆ ಹೊಟ್ಟೆ ತುಂಬಾ ಉಂಡವನನ್ನ ಮತ್ತೆ ಎಲೆ ಮುಂದೆ ಕೂರಿಸಿದ ಹಾಗಾಗೋದು.

ಒಂದೂಮುಕ್ಕಾಲು ವರ್ಷ ಹೀಗೇ ಕಳೀತು, ದುಡ್ಡೂ ಹೋಯ್ತು. ಸಾಗರದಲ್ಲಿ ಒಂದ್ ತಿಂಗಳು ರೂಮ್ ಮಾಡಿದೆ, ಊಟ ಸೇರಿ ಹದಿನೈದು ಸಾವಿರದ ಹತ್ರ ಆಯ್ತು, ಬರೆದಿದ್ದು ನಾಲ್ಕು ಪುಟ, ಅದನ್ನೂ ಆಮೇಲೆ ತೆಗೆದೆ. ಹೊಸ ಲ್ಯಾಪ್‌ಟಾಪ್ 46 ಸಾವಿರ. ಹಳೇ ನುಡಿ ತಂತ್ರಾಂಶದ ಫೈಲನ್ನ ಯೂನಿಕೋಡಿಗೆ ಹಾಕ್ದಾಗ ಅರ್ಕಾವೊತ್ತೆಲ್ಲ ಎಲ್ಲೆಲ್ಲೋ ಹೋಗಿ ಕೂತು ಅದನ್ನ ಸರಿ ಮಾಡೋದ್ರಲ್ಲೇ ಎರಡು ವಾರ. ಬಾಯಲ್ಲಿ ಹೇಳಿ ಟೈಪ್ ಮಾಡಿಸೋಣ ಅಂತ ನೋಡಿದೆ, ಅಡಿಕೆ ದಬ್ಬೆ ಅಂದ್ರೆ ಡಬ್ಬಿ ಅಂತ ಬರ್ಕೊಳ್ತಿತ್ತು, ಗೊರಬಲು (ಅಡಿಕೆಯಲ್ಲೊಂದು ಬಗೆ) ಅನ್ನೋ ಪದವಂತೂ ಒಂದ್ಸಲಾನೂ ಸರಿಯಾಗಿ ಬರ್ಲಿಲ್ಲ. ಆ ಅಧ್ಯಾಯನೇ ಸಣ್ಣಕತೆ ಮಾಡಿ ಒಂದು ದೀಪಾವಳಿ ವಿಶೇಷಾಂಕಕ್ಕೆ ಕಳ್ಸಿದೆ, ವಾಪಸ್ ಬಂತು. ಇದಕ್ಕೆಲ್ಲ ಮೂಲ ತಪ್ಪು ಒಂದೇ, ಇಬ್ಬರು ಸ್ನೇಹಿತರಿಗೆ ಇಡೀ ಕಥೆ ಕೊನೆ ಸಮೇತ ಹೇಳ್ಬಿಟ್ಟಿದ್ದೆ. ಹೇಳಿ ಮುಗಿದ ಕಥೆನ ಮತ್ತೆ ಬರಿಯೋಕೆ ಕೈ ಬರಲ್ಲ.

2023ರ ಜೂನಲ್ಲಿ ಸಿಗಂದೂರಿಗೆ ಹೊರಟಿದ್ದೆ. ಶರಾವತಿ ಹಿನ್ನೀರು ಇಳಿದು, ದಾಟಿಸೋ ಲಾಂಚಿಗೆ ಗಾಡಿ ಹತ್ತಿಸ್ತಿರ್ಲಿಲ್ಲ (ಈಗ ಅಲ್ಲಿ ಸೇತುವೆನೇ ಆಗಿದೆ, 2025ರ ಜುಲೈನಲ್ಲಿ), ದಡದಲ್ಲಿ ಕಾಯ್ತಾ ಕೂತೆ. ಪಕ್ಕದಲ್ಲೊಬ್ರು ಅಜ್ಜ, ಮುಳುಗಡೆ ಆದಾಗ ಹದಿನಾಲ್ಕು ಹದಿನೈದು ವರ್ಷವಂತೆ. ಗದ್ದೆ ಹೋಗಿದ್ದು, ದೇವಸ್ಥಾನ ಹೋಗಿದ್ದು ಹೇಳ್ತಾರೆ ಅಂತ ನಾನು ಕಾದ್ರೆ ಅವ್ರು ಹೇಳಿದ್ದು, "ತಮಾ, ಲಾರಿಯವ ಕಡೇ ಗಳಿಗೇಲಿ ನಲವತ್ತು ರೂಪಾಯಿ ಜಾಸ್ತಿ ಕೇಳ್ದ, ಅಪ್ಪಯ್ಯ ತೊಟ್ಟಿಲು ಇಳಿಸ್ಬಿಟ್ಟ". ಅರವತ್ತು ವರ್ಷ ಆದ್ಮೇಲೂ ಆ ನಲವತ್ತು ರೂಪಾಯಿ ಬಾಯಲ್ಲೇ ಇತ್ತು. ನನ್ನ 180 ಪುಟದಲ್ಲಿ ಯಾರ ಜೇಬಲ್ಲಿ ಎಷ್ಟಿತ್ತು ಅಂತ ಒಂದು ಕಡೆನೂ ಇರ್ಲಿಲ್ಲ.

ಮನೆಗೆ ಬಂದು ಫೈಲ್ ಮುಚ್ಚಿಟ್ಟು 40 ರೂಪಾಯಿದು ಒಂದು ನೋಟ್‌ಬುಕ್ ತಂದೆ. ಎಡಕ್ಕೆ ಜಮಾ, ಬಲಕ್ಕೆ ಖರ್ಚು, ಪ್ರತಿ ಪಾತ್ರಕ್ಕೂ ಬೇರೆ ಖಾತೆ. ವಾಕ್ಯ ಬರೀಬಾರ್ದು, ಬಾಬ್ತು ಮತ್ತೆ ಮೊತ್ತ ಅಷ್ಟೇ. ಅಡಿಕೆಯಲ್ಲಿ ರಾಶಿ, ಬೆಟ್ಟೆ, ಗೊರಬಲು ಬೇರೆ ಬೇರೆ ಮಾರಿ ಬಂದಿದ್ದು, ಅಡಿಕೆ ಮಂಡಿ ಸಾಲ, ಅಡಿಕೆ ಕೊನೆ ಇಳಿಸೋ ಕೊನೆಗಾರನ ಕೂಲಿ, ಶ್ರಾದ್ಧದ ಖರ್ಚು, ಎಲ್ಲ. ರೇಟುಗಳನ್ನ ಹಿರಿಯರ ಹತ್ರ ಕೇಳಿ, ನಮ್ಮನೇಲಿದ್ದ ಹಳೇ ಮಂಡಿ ಚೀಟಿ ನೋಡಿ ಹಾಕ್ಕೊಂಡೆ.

ಹನ್ನೊಂದೋ ಹನ್ನೆರಡೋ ದಿನಕ್ಕೆ ಲೆಕ್ಕ ತಪ್ತು. ಕಾದಂಬರಿಯ ಮನೆ ಯಜಮಾನನ ಖಾತೇಲಿ ಪರಿಹಾರದ ಜಮಾ 3,400, ಲಾರಿ, ಹೆಂಚು, ಸಾಲ ತೀರಿಸಿದ್ದು ಎಲ್ಲ ಕೂಡಿದ್ರೂ ಖರ್ಚು 2,800 ದಾಟ್ತಿಲ್ಲ. 600 ರೂಪಾಯಿ ಎಲ್ಲಿ ಹೋಯ್ತು? ನಾನೇ ಹುಟ್ಟಿಸಿದ ಮನೆ, ನಂಗೇ ಗೊತ್ತಿಲ್ಲ! ಆ ರಾತ್ರಿ ನಿದ್ದೆ ಬರ್ಲಿಲ್ಲ, ಖುಷಿಗೆ. ಬರೀ ಕಾಫಿ ತಂದಿಡೋಕೆ ಇಟ್ಟಿದ್ದ ವಿಧವೆ ಅತ್ತೆ ಖಾತೆ ತೆಗೆದೆ, ಅದರಲ್ಲಿ ಒಂದೂ ಬಾಬ್ತಿಲ್ಲ. ಅಲ್ಲಿಂದ ಕಾದಂಬರಿ ಅವಳದ್ದಾಯ್ತು. ಏಳು ತಿಂಗಳಲ್ಲಿ 210 ಪುಟ ಬರ್ದೆ, ಮೊದಲಿನ 180ರಲ್ಲಿ ಎಪ್ಪತ್ತೋ ಎಂಬತ್ತೋ ಉಳೀತು, ಮಿಕ್ಕಿದ್ದು ಹೋಗಿದ್ದಕ್ಕೆ ಸ್ವಲ್ಪಾನೂ ಬೇಜಾರಿಲ್ಲ. ತಿದ್ದೋಕೆ ಇನ್ನೊಂದು ವರ್ಷದ ಮೇಲೆ ಹಿಡೀತು. ಮೊದಲು ನಕ್ಕಿದ್ದ ಸ್ನೇಹಿತರೊಬ್ರು ಹಸ್ತಪ್ರತಿ ಒಂದೇ ರಾತ್ರೀಲಿ ಓದಿ ಬೆಳಗ್ಗೆ ಆರಕ್ಕೇ ಫೋನ್ ಮಾಡಿದ್ರು.

600 ಎಲ್ಲಿ ಹೋಯ್ತು ಅನ್ನೋದನ್ನ ಇಲ್ಲಿ ಹೇಳಲ್ಲ. ಗೊತ್ತಿದ್ದ ಕೊನೇನ ತಲೆಯಿಂದ ಹೇಗೆ ತೆಗೆದೆ ಅನ್ನೋದೂ ಸದ್ಯಕ್ಕೆ ನನ್ನ ಹತ್ರಾನೇ ಇರ್ಲಿ, ಇನ್ನೊಂದು ಪುಸ್ತಕಕ್ಕೆ ಬೇಕು. ಇದೇ ಉಪಾಯನ ನಾನು ಹಿಂದೆ ಬಿಟ್ಟ ಕಾಲೇಜು ಪ್ರೇಮದ ಕಾದಂಬರಿಗೂ ಹಾಕಿ ನೋಡ್ದೆ, ಲೆಕ್ಕ ಪೈಸೆಗೆ ಪೈಸೆ ಸರಿ ಹೋಯ್ತು, ಏನೂ ಹುಟ್ಲಿಲ್ಲ, ಅದನ್ನ ಹರಿದು ಹಾಕಿದೆ.

ದುಡ್ಡಿನ ವಿಷ್ಯ, ಸಾವಿರ ಪ್ರತಿ, ಬೆಲೆ 350, ಹತ್ತು ಪರ್ಸೆಂಟ್ ರಾಯಲ್ಟಿ ಅಂದ್ರೆ ಎಲ್ಲಾ ಮಾರಿದ್ರೆ ನಂಗೆ 35 ಸಾವಿರ, ಲ್ಯಾಪ್‌ಟಾಪಿನ ದುಡ್ಡೂ ಹುಟ್ಟಲ್ಲ. ಆದ್ರೂ ಈಗ ಹೊಸ ನೋಟ್‌ಬುಕ್ ಶುರು ಮಾಡಿದೀನಿ, ಲಾಂಚ್ ನಿಲ್ತಿದ್ದ ಕಡೆ ಟೀ ಅಂಗಡಿ ಇಟ್ಕೊಂಡಿರೋ ಒಬ್ಬ ಹೆಂಗಸಿನ ಖಾತೆ. ಸೇತುವೆ ಆದ್ಮೇಲೆ ಅವಳ ಜಮಾ ದಿನಾ ಇಳೀತಿದೆ, ಹಾಲಿನ ಬಾಕಿ ಮಾತ್ರ ತಿಂಗಳಿಗೆ ಸರಿಯಾಗಿ ಕಟ್ತಿದಾಳೆ.