ಕಡತದ ಬಗೆ ಗುರುತಿಸುವುದು: ಪಟ್ಟಿಗೆ ಹೆಸರು, ತೆರೆಯಲು ತಿರುಳು

ಸಾವಿರಾರು ಕಡತಗಳಿರುವ ಫೋಲ್ಡರಿನ ಪಟ್ಟಿ ಕಣ್ಣೆವೆ ಇಕ್ಕುವುದರೊಳಗೆ ಮೂಡಬೇಕಾದರೆ, ನೀವು ಬರೆಯುವ ಫೈಲ್ ಮ್ಯಾನೇಜರ್ (ಕಡತಗಳನ್ನು ಪಟ್ಟಿ ಮಾಡಿ ತೋರಿಸುವ ಪ್ರೋಗ್ರಾಂ) ಬಗೆ ತಿಳಿಯಲೆಂದು ಒಂದೊಂದು ಕಡತವನ್ನೂ ತೆರೆದು ಓದುತ್ತ ಕೂರುವಂತಿಲ್ಲ. ಆದ್ದರಿಂದ ಪಟ್ಟಿಯ ಮಟ್ಟಿಗೆ ಹೆಸರನ್ನು ನಂಬಿ, ಸಂದೇಹ ಬಂದಾಗ ಮತ್ತು ಬಳಕೆದಾರರು ಕಡತವನ್ನು ತೆರೆಯುವಾಗ ಮಾತ್ರ ಅದರ ತಿರುಳನ್ನು, ಅಂದರೆ ಒಳಗಿನ ಬೈಟ್‌ಗಳನ್ನು, ನೋಡುವುದು ಸರಿಯಾದ ಕ್ರಮ.

ಎಲ್ಲಕ್ಕಿಂತ ಮೊದಲು, ಅದು ಸಾಮಾನ್ಯ ಕಡತವೇ ಎಂಬುದನ್ನು ಕಾರ್ಯಾಚರಣಾ ವ್ಯವಸ್ಥೆಯಿಂದ ಕೇಳಿ ತಿಳಿಯಿರಿ. ಲಿನಕ್ಸ್‌ನಲ್ಲಿ ಹೆಸರಿರುವ ಪೈಪನ್ನು (ಕಡತದಂತೆ ಕಾಣುವ, ಎರಡು ಪ್ರೋಗ್ರಾಂಗಳ ನಡುವೆ ಮಾಹಿತಿ ಸಾಗಿಸುವ ಕೊಂಡಿ) ಓದಲೆಂದು ತೆರೆದರೆ, ಇನ್ನೊಂದು ತುದಿಯಲ್ಲಿ ಬರೆಯುವವರು ಬರುವ ತನಕ ನಿಮ್ಮ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ.

ಬಳಿಕ ಎಕ್ಸ್‌ಟೆನ್ಷನ್ (ಹೆಸರಿನ ಕೊನೆಯಲ್ಲಿ ಚುಕ್ಕಿಯ ನಂತರದ ಭಾಗ) ನೋಡಿ. ಹಲವು ಮಾದರಿಗಳು ಹೊಂದಿದರೆ ಉದ್ದನೆಯದನ್ನು ಆರಿಸಿ, ‘.ಟಾರ್.ಜಿಝಡ್’ ಇರುವಾಗ ಬರೀ ‘.ಜಿಝಡ್’ ಎಂದು ತೀರ್ಮಾನಿಸಬಾರದು. ಯಾವ ಎಕ್ಸ್‌ಟೆನ್ಷನ್ ಯಾವ ಬಗೆ ಎಂಬ ಕೋಷ್ಟಕವನ್ನು ಸ್ವಂತವಾಗಿ ಕಟ್ಟುವುದು ವ್ಯರ್ಥ ಶ್ರಮ. ಲಿನಕ್ಸ್ ಡೆಸ್ಕ್‌ಟಾಪ್‌ಗಳಿಗೆ ಸಾಮಾನ್ಯ ನಿಯಮಗಳನ್ನು ರೂಪಿಸುವ ಫ್ರೀಡೆಸ್ಕ್‌ಟಾಪ್ ಯೋಜನೆಯ ಶೇರ್ಡ್ ಮೈಮ್ ಇನ್ಫೋ ದತ್ತಸಂಚಯದಲ್ಲಿ ಹೆಸರಿನ ಮಾದರಿಗಳೂ ತಿರುಳಿನ ಗುರುತುಗಳೂ ಸಿದ್ಧವಾಗಿವೆ.

ಹೆಸರು ಕೈಕೊಡುವ ಕಡೆ ತಿರುಳೇ ಗತಿ. ‘.ಟಿಎಸ್’ ಎಂಬುದು ಟೈಪ್‌ಸ್ಕ್ರಿಪ್ಟ್ ಕೋಡ್ ಆಗಿರಬಹುದು, ಎಂಪೆಗ್ ವಿಡಿಯೊ ಕೂಡ ಆಗಿರಬಹುದು; ವಿಡಿಯೊ ಆಗಿದ್ದರೆ 188 ಬೈಟ್‌ಗಳಿಗೊಮ್ಮೆ 71 ಎಂಬ ಬೆಲೆಯ ಬೈಟ್ ಮರುಕಳಿಸುತ್ತದೆ. 71 ಎಂದರೆ ಇಂಗ್ಲಿಷಿನ ‘ಜಿ’ ಅಕ್ಷರವೂ ಹೌದಾದ್ದರಿಂದ ಒಂದೇ ಸಲ ಕಂಡರೆ ಸಾಲದು, ಎರಡು ಮೂರು ಕಡೆ ಪರೀಕ್ಷಿಸಿ. ಪಿಎನ್‌ಜಿ ಚಿತ್ರದ ಮೊದಲ 8 ಬೈಟ್‌ಗಳು ಯಾವಾಗಲೂ 137, 80, 78, 71, 13, 10, 26, 10. ಸೊನ್ನೆಯಿಂದ ಎಣಿಸಿದರೆ, ಟಾರ್‌ನ (ಹಲವು ಕಡತಗಳನ್ನು ಒಂದಾಗಿ ಕಟ್ಟಿದ ಕಡತ) ಗುರುತಾದ ‘ಯುಸ್ಟಾರ್’ 257ನೇ ಬೈಟ್‌ನಲ್ಲಿದೆ. ಐಎಸ್‌ಒ ಕಡತದ (ಸಿಡಿ, ಡಿವಿಡಿಗಳ ಯಥಾಪ್ರತಿ) ಗುರುತು 32,769ನೇ ಬೈಟ್‌ನಷ್ಟು ದೂರದಲ್ಲಿದೆ. ಅಷ್ಟು ದೂರದ ಓದನ್ನು ಹೆಸರೇ ಐಎಸ್‌ಒ ಎಂದು ಸೂಚಿಸಿದಾಗ ಮಾತ್ರ ಮಾಡಿ.

ಜಿಪ್ ವಿಷಯದಲ್ಲಿ ಎಡವುವವರೇ ಹೆಚ್ಚು. ಡಾಕ್ಸ್ (ವರ್ಡ್ ದಾಖಲೆ), ಇಪಬ್ (ಇ-ಪುಸ್ತಕ), ಎಪಿಕೆ (ಆಂಡ್ರಾಯ್ಡ್ ಆ್ಯಪ್) ಇವೆಲ್ಲ ಒಳಗೆ ಜಿಪ್ಪೇ ಆಗಿರುವುದರಿಂದ, ತಿರುಳು ‘ಜಿಪ್’ ಎಂದೂ ಹೆಸರು ‘ಡಾಕ್ಸ್’ ಎಂದೂ ಹೇಳಿದರೆ ಅದು ವಿರೋಧವಲ್ಲ. ಹೆಚ್ಚು ನಿರ್ದಿಷ್ಟವಾದ ಹೆಸರಿನ ಮಾತನ್ನೇ ಒಪ್ಪಿ.

ಯಾವ ಗುರುತೂ ಸಿಗದಿದ್ದರೆ ಮೊದಲ 128 ಬೈಟ್‌ಗಳಲ್ಲಿ ನಿಯಂತ್ರಣ ಸಂಕೇತಗಳು, ಅಂದರೆ ಅಕ್ಷರವಾಗಿ ಕಾಣದ ಬೈಟ್‌ಗಳು, ಇವೆಯೇ ಎಂದು ನೋಡಿ (ಸಾಲಿನ ಕೊನೆ, ಟ್ಯಾಬ್‌ಗಳನ್ನು ಬಿಟ್ಟು). ಇಲ್ಲದಿದ್ದರೆ ಪಠ್ಯವೆಂದು ಭಾವಿಸಬಹುದು. ಯುಟಿಎಫ್-8 (ಅಕ್ಷರಗಳನ್ನು ಬೈಟ್‌ಗಳಾಗಿ ಬರೆಯುವ ಕ್ರಮ) ಸರಿಯಿದೆಯೇ ಎಂದೂ ಪರೀಕ್ಷಿಸುವುದಾದರೆ ಒಂದು ಎಚ್ಚರ ಬೇಕು: ಕನ್ನಡದ ಪ್ರತಿ ಸಂಕೇತವೂ 3 ಬೈಟ್ ಹಿಡಿಯುವುದರಿಂದ 128ನೇ ಬೈಟ್‌ನ ಕತ್ತರಿ ಅಕ್ಷರದ ನಡುವೆಯೇ ಬೀಳಬಹುದು. ಆ ಅರೆ ಅಕ್ಷರವನ್ನು ದೋಷವೆಂದು ಎಣಿಸಬೇಡಿ.

ತಿರುಳಿನ ಓದು ಹಿನ್ನೆಲೆಯಲ್ಲಿ, ಪರದೆಯ ಮೇಲೆ ಕಾಣುವ ಸಾಲುಗಳಿಂದ ಆರಂಭವಾಗಲಿ. ಫಲಿತಾಂಶವನ್ನು ಕಡತದ ಗಾತ್ರ ಮತ್ತು ಬದಲಾವಣೆಯ ಸಮಯದೊಂದಿಗೆ ಕ್ಯಾಶ್‌ನಲ್ಲಿ (ಮತ್ತೆ ಬಳಸಲೆಂದು ಉಳಿಸಿಡುವ ಜಾಗ) ಇಡಿ. ನೆಟ್‌ವರ್ಕ್ ಡ್ರೈವ್‌ಗಳಲ್ಲಿ ಈ ಓದನ್ನು ನಿಲ್ಲಿಸಿಬಿಡುವುದೇ ಲೇಸು. ಕ್ಲೌಡ್ ಫೋಲ್ಡರುಗಳಲ್ಲಂತೂ ನಾಲ್ಕು ಬೈಟ್ ಓದಲು ಹೋಗಿ ಇಡೀ ಕಡತವೇ ಡೌನ್‌ಲೋಡ್ ಆಗಬಹುದು.

ಡಬಲ್ ಕ್ಲಿಕ್ ಆದಾಗ ಮಾತ್ರ ತಿರುಳನ್ನು ಕಡ್ಡಾಯವಾಗಿ ನೋಡಿ. ಹೆಸರು ಪಿಡಿಎಫ್ ಎಂದಿದ್ದು ಒಳಗೆ ಚಲಾಯಿಸಬಲ್ಲ ಪ್ರೋಗ್ರಾಂ ಇದ್ದರೆ, ಅದನ್ನು ಚಲಾಯಿಸದೆ ಬಳಕೆದಾರರಿಗೆ ಎರಡೂ ಬಗೆಗಳನ್ನು ತೋರಿಸಿ ಕೇಳಿ.