ವಿಲ್ ಬರೆದ ದಿನವೇ ಸಾಕ್ಷ್ಯವನ್ನೂ ಕಟ್ಟಿಡಿ: ನನ್ನ ಅನುಭವ

"ರಿಜಿಸ್ಟರ್ ಆದ್ರೆ ಸಾಕಲ್ರೀ, ಇಷ್ಟು ದಪ್ಪ ಫೈಲ್ ಯಾಕೆ?" ಎನ್ನುತ್ತಿದ್ದ ವಕೀಲ ಸೀನಿಯರ್‌ಗಳು ಈಗ ಸುಮ್ಮನಿದ್ದಾರೆ. ನಾನು ಸಾಕ್ಷ್ಯದ ಫೈಲ್ ಸಮೇತ ಕಟ್ಟಿಸಿದ ವಿಲ್ ಒಂದು ಪಾಟೀಸವಾಲನ್ನೆಲ್ಲ ದಾಟಿ ಡಿಕ್ರಿಯಾಗಿದೆ.

ಸಾಕ್ಷಿಯನ್ನು ಕರೆಸಬೇಕಿಲ್ಲ ಎಂದು ಬೇರೆ ನೋಂದಾಯಿತ ಪತ್ರಗಳಿಗಿರುವ ವಿನಾಯಿತಿ ವಿಲ್‌ಗೆ ಇಲ್ಲ. ಹೊಸ ಭಾರತೀಯ ಸಾಕ್ಷ್ಯ ಅಧಿನಿಯಮದ 67ನೇ ಕಲಂ (ಹಳೆಯ ಕಾಯ್ದೆಯಲ್ಲಿ 68) ಪ್ರಕಾರ ಬದುಕಿರುವ ಒಬ್ಬ ಸಾಕ್ಷಿಯಾದರೂ ಕಟಕಟೆ ಹತ್ತಬೇಕು. ಕೇಸು ಬೀಳುವುದೂ ಅಲ್ಲೇ. "ಸಹಿ ನನ್ನದೇ, ಆದರೆ ಯಜಮಾನರು (ವಿಲ್ ಮಾಡಿದವರು) ಹಾಕಿದ್ದನ್ನು ನೋಡಲಿಲ್ಲ" ಎಂದು ಸಾಕ್ಷಿ ಹೇಳಿಬಿಟ್ಟರೆ ಮುಗಿಯಿತು, ಇನ್ನೊಬ್ಬ ಸಾಕ್ಷಿಯ ಹಿಂದೆ ಓಡಬೇಕು. ಆತ ತೀರಿಕೊಂಡಿರುತ್ತಾನೆ. ಪತ್ರ ಬರೆದುಕೊಟ್ಟ ಬರಹಗಾರನ ಸಹಿ ಇದೆಯಲ್ಲ ಎಂದರೆ, ಬರೆದ ಮಾತ್ರಕ್ಕೆ ಆತ ಸಾಕ್ಷಿಯಾಗುವುದಿಲ್ಲ.

ಅದಕ್ಕೇ ಯಜಮಾನರ ವಾರಗೆಯವರನ್ನು ನಾನು ಸಾಕ್ಷಿಗೆ ಕೂರಿಸುವುದಿಲ್ಲ. ಒಬ್ಬರು ನಲವತ್ತರ ಒಳಗಿನವರು, ಸ್ವಂತ ಮನೆಯಲ್ಲಿರುವವರು. ಬಾಡಿಗೆದಾರರು ಹತ್ತು ವರ್ಷದ ಮೇಲೆ ಸಿಗುವುದಿಲ್ಲ. ಇನ್ನೊಬ್ಬರು ಸಾಧ್ಯವಾದರೆ ಚಿಕಿತ್ಸೆ ಕೊಡುತ್ತಿರುವ ವೈದ್ಯರೇ. ಸಹಿಯಾದ ಅದೇ ದಿನ ಇಬ್ಬರಿಂದಲೂ ಯಾರು ಯಾರ ಎದುರು ಸಹಿ ಹಾಕಿದರು ಎಂದು ಅವರದೇ ಮಾತಿನಲ್ಲಿ ಅಫಿಡವಿಟ್. ಇದು ಸಾಕ್ಷಿ ಹೇಳಿಕೆಗೆ ಬದಲಿಯಲ್ಲ, ನೆನಪು ಕೈಕೊಟ್ಟಾಗ ಆಸರೆ, ಅಷ್ಟೇ. ಸಾಕ್ಷಿಗಳ ಬ್ಯಾಂಕ್ ಸಹಿಯ ನಕಲೂ ಇರಲಿ. ಇಬ್ಬರೂ ಸತ್ತರೆ ಹೊಸ ಅಧಿನಿಯಮದ 68ನೇ ಕಲಂ ಪ್ರಕಾರ ಸಾಕ್ಷಿಯ ಕೈಬರಹವನ್ನು ಸಾಬೀತು ಮಾಡಬೇಕು.

ಸಹಿ ಹಾಕುವಾಗ ತೆಗೆಯುವ ವಿಡಿಯೊ ವಿಷಯದಲ್ಲಿ ಎಲ್ಲರೂ ಕೆಡಿಸಿಕೊಳ್ಳುತ್ತಾರೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ಫೈಲ್ ಕುಗ್ಗಿ ಹ್ಯಾಶ್ (ಫೈಲಿನ ಬೆರಳಚ್ಚಿನಂಥ ಸಂಕೇತ) ಬದಲಾಗುತ್ತದೆ. ಮೂಲ ಫೈಲನ್ನು ಕೇಬಲ್‌ನಲ್ಲಿ ಎರಡು ಪೆನ್‌ಡ್ರೈವ್‌ಗೆ ಇಳಿಸಿ, ಅಂದೇ ಹ್ಯಾಶ್ ತೆಗೆದು ಬರೆದಿಡಬೇಕು. ವಿದ್ಯುನ್ಮಾನ ದಾಖಲೆಗೆ ಅದೇ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರದ ಬಿ ಭಾಗಕ್ಕೆ ತಜ್ಞರ ಸಹಿ ಬೇಕೆಂಬುದನ್ನು ಮರೆಯುವವರೇ ಹೆಚ್ಚು. ಆಸ್ತಿ ಪಡೆಯುವ ಮಗ ಚಿತ್ರದಲ್ಲೂ ಬೇಡ, ಪಕ್ಕದ ಕೋಣೆಯಲ್ಲೂ ಬೇಡ. ಮೈಸೂರಿನ ವೆಂಕಟಾಚಲ ಅಯ್ಯಂಗಾರ್ ಪ್ರಕರಣದಲ್ಲಿ (1959) ಸುಪ್ರೀಂ ಕೋರ್ಟ್ ಹೇಳಿದ ಅನುಮಾನಾಸ್ಪದ ಸಂದರ್ಭಗಳ ಬಾಲ ಅಲ್ಲೇ ಹುಟ್ಟುವುದು. ಯಜಮಾನರಿಗೆ ಕ್ಯಾಮೆರಾ ಮುಂದೆ ನಾನು ಕೇಳುವ ಪ್ರಶ್ನೆಗಳು ಮಾತ್ರ ನನ್ನಲ್ಲೇ ಇರಲಿ. ಒಂದನ್ನು ಹೇಳಿಬಿಡುತ್ತೇನೆ: ವಿಲ್‌ನಲ್ಲಿ ಪಾಲು ಕೊಡದೆ ಬಿಟ್ಟ ಮಗಳ ಹೆಸರು, ಬಿಟ್ಟ ಕಾರಣ ಎರಡೂ ಅವರ ಬಾಯಿಂದಲೇ ಬರಬೇಕು.

ಖರ್ಚು? ವೈದ್ಯರಿಗೆ ಸಾವಿರದಿಂದ ಎರಡು ಸಾವಿರ, ನೋಟರಿ, ಪೆನ್‌ಡ್ರೈವ್, ಓಡಾಟ ಸೇರಿ ಐದಾರು ಸಾವಿರ, ನನ್ನ ಫೀಸು ಬೇರೆ. ವಿಲ್‌ಗೆ ಸ್ಟ್ಯಾಂಪ್ ಡ್ಯೂಟಿ ಇಲ್ಲ. "ದುಬಾರಿ" ಎಂದ ಕಕ್ಷಿದಾರರು ಒಂದು ಒರಿಜಿನಲ್ ಸೂಟ್‌ಗೆ (ಸಿವಿಲ್ ದಾವೆಗೆ) ಎಷ್ಟು ಸುರಿಯಬೇಕೆಂದು ಲೆಕ್ಕ ಹಾಕಲಿ. ಕರ್ನಾಟಕದ ಆಸ್ತಿಗೆ ಹಿಂದೂ ವಿಲ್ ಇದ್ದರೆ ಪ್ರೊಬೇಟ್ (ವಿಲ್‌ಗೆ ಕೋರ್ಟ್ ಕೊಡುವ ದೃಢೀಕರಣ) ಮೊದಲಿನಿಂದಲೂ ಕಡ್ಡಾಯವಲ್ಲ. ಮುಂಬೈ, ಚೆನ್ನೈ ಫ್ಲಾಟ್‌ಗಳಿಗೆ ಕಾಟ ಕೊಡುತ್ತಿದ್ದ ಭಾರತೀಯ ಉತ್ತರಾಧಿಕಾರ ಕಾಯ್ದೆಯ, ಪ್ರೊಬೇಟ್ ಕೇಳುತ್ತಿದ್ದ 213ನೇ ಕಲಮನ್ನೂ 2025ರ ಕೊನೆಯಲ್ಲಿ ಕಿತ್ತುಹಾಕಿದ್ದಾರೆ.

ಬ್ಯಾಂಕ್ ಕಡೆಗೊಂದು ಪ್ರಯೋಗ ನಡೆದಿದೆ. 2025ರ ನವೆಂಬರ್ 1ರಿಂದ ಠೇವಣಿಗೆ ನಾಲ್ವರವರೆಗೆ ನಾಮಿನಿ ಹಾಕಬಹುದು, ಪಾಲಿನ ಶೇಕಡಾವಾರು ಸಹಿತ. ವಿಲ್‌ನಲ್ಲಿರುವ ಪಾಲನ್ನೇ ಅಲ್ಲೂ ಹಾಕಿಸುತ್ತಿದ್ದೇನೆ. ನಾಮಿನಿ ಮಾಲೀಕನಲ್ಲ, ನಿಜ. ಆದರೆ ಎರಡೂ ಕಾಗದ ಒಂದೇ ಮಾತು ಹೇಳಿದರೆ ಜಗಳಕ್ಕೆ ಕೊಕ್ಕೆ ಸಿಗುವುದಿಲ್ಲ. ಲಾಕರ್‌ಗೆ ಈ ಪಾಲಿನ ಆಟ ನಡೆಯದು, ಅಲ್ಲಿ ಒಬ್ಬರಾದ ಮೇಲೆ ಒಬ್ಬರು ಮಾತ್ರ.

ಜಮೀನಿನ ಖಾತೆಗೆ ಅರ್ಜಿ ಹಾಕಿ, ನೋಟಿಸಿನ ಅವಧಿಯಲ್ಲಿ ತಕರಾರು ಬಂತೆನ್ನಿ. ತಹಶೀಲ್ದಾರರ ಮುಂದೆ ವಿಲ್‌ನ ದೃಢೀಕೃತ ನಕಲು, ಮರಣ ಪ್ರಮಾಣಪತ್ರ, ವಂಶವೃಕ್ಷ, ಅಷ್ಟೇ ಇಡಿ. ಅಫಿಡವಿಟ್ಟೂ ವಿಡಿಯೊವೂ ಸಿವಿಲ್ ಕೋರ್ಟಿಗೆ ಮೀಸಲು. ಎದುರಾಳಿ ವಕೀಲರು ಅವನ್ನು ಆರು ತಿಂಗಳು ಮೊದಲೇ ಓದಿಕೊಂಡು ಬರುವುದು ಬೇಡ.